ಚಿತ್ರದುರ್ಗದಲ್ಲಿ ಕಡಲಿತ್ತು: ಒಂದು ಹಳೇ ಬಿರುಕಿನ ಕಥೆ

ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಮಾಡಿದ ಉಪನ್ಯಾಸ ಇದು. ಬರಹಕ್ಕೆ ಇಳಿಸುವಾಗ ಕೊನೆಯ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಹೈವೇ ಹಿಡಿದು ಬೆಂಗಳೂರಿಗೆ ಹೋಗುವವರು ಚಿತ್ರದುರ್ಗ ಬಿಟ್ಟು ಶಿರಾ ಮುಟ್ಟುವುದರೊಳಗೆ ಒಂದು ಕಡಲನ್ನು ದಾಟುತ್ತಾರೆ. ಈಗ ಅಲ್ಲಿ ನೀರಿಲ್ಲ. ಶೇಂಗಾ ಹೊಲ, ಜಾಲಿ ಗಿಡ, ಗುಡ್ಡದ ಮೇಲೆ ಗಾಳಿಯಂತ್ರ, ಇಷ್ಟೇ ಕಾಣುತ್ತದೆ. ಆದರೆ ಆಸುಪಾಸಿನ ಎಷ್ಟೋ ಬಂಡೆಗಳು ಕಡಲ ತಳದಲ್ಲಿ ಹುಟ್ಟಿದವು. ಅದೇ ದಾರಿಯಲ್ಲಿ ಇನ್ನೂ ಒಂದು ಗಡಿ ಸಿಗುತ್ತದೆ. ಎರಡು ದೊಡ್ಡ ಭೂಖಂಡದ ತುಂಡುಗಳು ಒಂದನ್ನೊಂದು ಒತ್ತಿ, ಉಜ್ಜಿ, ಕೊನೆಗೆ ಅಂಟಿಕೊಂಡ ಜಾಗ ಅದು. ಅದಕ್ಕೆ ಚಿತ್ರದುರ್ಗ ಶಿಯರ್ ಜೋನ್ ಅಂತ ಹೆಸರು. ಫಾಲ್ಟ್ ಎಂದರೆ ನಿಮಗೆ ಬೇಗ ಅರ್ಥವಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಆಮೇಲೆ ಹೇಳುತ್ತೇನೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಇಂಗಳದಾಳಿನ ತಾಮ್ರವನ್ನು ಒಂದು ಕಥೆಯಾಗಿ, ಭೀಮಸಮುದ್ರದ ಕಬ್ಬಿಣವನ್ನು ಇನ್ನೊಂದು ಕಥೆಯಾಗಿ, ಮಾರಿಕಣಿವೆ ಡ್ಯಾಮನ್ನು ಮತ್ತೊಂದು ಕಥೆಯಾಗಿ ಹೇಳುವುದು ರೂಢಿ. ಮೂರೂ ಒಂದೇ ಕಥೆ. ಒಂದು ಕಡಲು ತೆರೆದು ಮುಚ್ಚಿಕೊಂಡ ಕಥೆ. ಅದನ್ನು ನಿಮಗೆ ತೋರಿಸಬೇಕು ಅಂತಲೇ ಇವತ್ತು ಬಂದಿದ್ದೇನೆ.

ಈಗ ಚಿತ್ರದುರ್ಗದಿಂದ ಪಡುವಣಕ್ಕೆ ನೇರ ಗೆರೆ ಎಳೆದರೆ ಹೊನ್ನಾವರದ ಹತ್ತಿರ ಕಡಲು ಸಿಗುತ್ತದೆ. ಸುಮಾರು 210 ಕಿಲೋಮೀಟರ್. ಊರು ಇರುವ ಎತ್ತರ ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಜಾಸ್ತಿ. ಇಂಥ ಕಡೆ ಕಡಲಿತ್ತು ಎಂದರೆ ಯಾರೇ ಆಗಲಿ ಸಾಕ್ಷಿ ಕೇಳುತ್ತಾರೆ. ಕೇಳಲೇಬೇಕು.

ಮೊದಲ ಸಾಕ್ಷಿ ಮರಡಿಹಳ್ಳಿಯಲ್ಲಿದೆ. ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಹೋಗುವಾಗ ಹೈವೇ ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಿಗುವ ಊರು. ಅಲ್ಲಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ದೂರದಿಂದ ನೋಡಿದರೆ ಸಾಧಾರಣ ಹಸಿರುಗಪ್ಪು ಕಲ್ಲು. ಹತ್ತಿರ ಹೋಗಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಬೇಕು. ಆಗ ಒಂದರ ಮೇಲೊಂದು ಒತ್ತಿ ಜೋಡಿಸಿದ ದಿಂಬುಗಳು ಕಾಣುತ್ತವೆ. ಅದಕ್ಕೇ ಇದನ್ನು ದಿಂಬು ಲಾವಾ ಅನ್ನುತ್ತಾರೆ.

ಅದು ಹೇಗಾಯಿತು ಕೇಳಿ. ಭೂಮಿಯೊಳಗಿಂದ ಬಂದ ಲಾವಾದ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ. ಅದು ನೀರಿನೊಳಗೆ ಚಿಮ್ಮಿದರೆ ಹೊರಮೈ ಕ್ಷಣದಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ದ್ರವ. ಹಿಂದಿನಿಂದ ಹೊಸ ಲಾವಾ ತಳ್ಳುತ್ತಲೇ ಇರುತ್ತದೆ. ಚಿಪ್ಪು ಒಂದು ಕಡೆ ಸೀಳುತ್ತದೆ, ಅಲ್ಲಿಂದ ಇನ್ನೊಂದು ಉಂಡೆ ಹೊರಗೆ ಬರುತ್ತದೆ. ಅದರ ಮೈಯೂ ಗಟ್ಟಿಯಾಗುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಬೀಳುತ್ತಾ ಹೋಗುತ್ತದೆ. ಈ ಕೆಲಸ ಇವತ್ತಿಗೂ ನಡೆಯುತ್ತಿದೆ. ಹವಾಯಿ ದ್ವೀಪದ ಕರಾವಳಿಯಲ್ಲಿ ಮುಳುಗುಗಾರರು ಕಣ್ಣಾರೆ ನೋಡಿ ವಿಡಿಯೋ ಮಾಡಿದ್ದಾರೆ. ಆ ವಿಡಿಯೋ ನೋಡಿ, ಆಮೇಲೆ ಮರಡಿಹಳ್ಳಿಗೆ ಹೋಗಿ. ಆಕಾರ ಒಂದೇ. ವಯಸ್ಸಿನಲ್ಲಿ ಮಾತ್ರ 250 ಕೋಟಿ ವರ್ಷಕ್ಕೂ ಜಾಸ್ತಿ ಅಂತರ.

ಈ ದಿಂಬುಗಳು ಇನ್ನೊಂದು ವಿಷಯ ಹೇಳುತ್ತವೆ, ನನಗೆ ಅದೇ ಹೆಚ್ಚು ಇಷ್ಟ. ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಮೇಲಿನ ದಿಂಬು ಇಳಿದುಕೊಳ್ಳುತ್ತದೆ. ಅದಕ್ಕೆ ಮೇಲ್ಭಾಗ ಗುಂಡಗಿರುತ್ತದೆ, ಕೆಳಗೆ ಒಂದು ಚೂಪು ಬಾಲ ಇರುತ್ತದೆ. ನಮ್ಮ ಸೀಮೆಯ ಪದರಗಳು ಮಲಗಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಎದ್ದು ನಿಂತಿವೆ. ಹಾಗೆ ಎದ್ದು ನಿಂತ ಪದರದಲ್ಲಿ ಯಾವ ಬದಿ ಮೊದಲು ಮೇಲಿತ್ತು, ಯಾವುದು ಕೆಳಗಿತ್ತು? ಬಾಲ ತೋರಿಸುವ ಕಡೆ ಕೆಳಗು. ಇಷ್ಟು ಸಣ್ಣ ಗುರುತು ಹಿಡಿದು ಇಡೀ ಗುಡ್ಡದ ಸಾಲು ಹೇಗೆ ಮಡಿಚಿಕೊಂಡಿದೆ ಎಂದು ನಕ್ಷೆ ಮಾಡಬಹುದು.

ಇಲ್ಲಿ ಒಬ್ಬ ಒಳ್ಳೆ ವಿದ್ಯಾರ್ಥಿ ಎದ್ದು ಕೇಳಬೇಕು: ಸಾರ್, ದಿಂಬು ಲಾವಾ ಇದ್ದರೆ ನೀರಿತ್ತು ಅಂತ ಆಯಿತು, ಅದು ಕೆರೆಯೂ ಆಗಿರಬಹುದು ಅಲ್ವಾ? ಸರಿಯಾದ ಪ್ರಶ್ನೆ. ಕೆರೆ ಅಲ್ಲ ಎನ್ನಲು ಬೇರೆ ಬಂಡೆಗಳನ್ನು ಕೇಳಬೇಕು.

ಹೊಳಲ್ಕೆರೆ ಕಡೆಯ ತಾಳ್ಯಕ್ಕೆ ಹೋಗಿ. ಅಲ್ಲಿ ಬಂಡೆಯೊಳಗೆ ಬೆಣಚುಕಲ್ಲು, ಪಟ್ಟೆಗಳಿರುವ ನೈಸ್, ಹಾಳೆಹಾಳೆಯಾಗಿ ಏಳುವ ಶಿಸ್ಟ್ ಹೀಗೆ ಬಗೆಬಗೆಯ ಗುಂಡುಕಲ್ಲುಗಳು ಹುದುಗಿವೆ. ನೀರು ಉರುಳಿಸದೆ ಕಲ್ಲು ಗುಂಡಗಾಗುವುದಿಲ್ಲ. ಅಂದರೆ ಪಕ್ಕದಲ್ಲೇ ಇನ್ನೂ ಹಳೆಯ ನೆಲ ಇತ್ತು. ಅದನ್ನು ಹೊಳೆಗಳು ಕೊರೆದು ಕಲ್ಲುಗಳನ್ನು ನೀರಿನ ಅಂಚಿಗೆ ತಂದು ಹಾಕುತ್ತಿದ್ದವು. ಧಾರವಾಡ ಶಿಲೆಗಳು ಎಂದು ಕರೆಯುವ ನಮ್ಮ ಈ ಬಂಡೆಗಳಲ್ಲಿ ಹಲವು ಕಡೆ ಮರಳಿನ ಪದರಗಳಿವೆ, ಅವುಗಳ ಮೇಲೆ ಅಲೆಯ ಗೆರೆಗಳು ಇನ್ನೂ ಉಳಿದಿವೆ. ಮಂಗಳೂರಿನ ಬೀಚಿನಲ್ಲಿ ನೀರು ಹಿಂದೆ ಸರಿದಾಗ ಮರಳಿನ ಮೇಲೆ ಕಾಣುವ ಗೆರೆಗಳೇ ಅವು. ಶಿವಮೊಗ್ಗದ ಹತ್ತಿರ ಕುಂಸಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಟೊಲೈಟ್ ಸಿಕ್ಕಿದೆ. ಬಿಸಿಲು ತಾಗುವಷ್ಟು ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುಪ್ಪೆ ಅದು. ಇನ್ನು ಹಿರಿಯೂರಿನ ಕಡೆ ಬಂದರೆ ಕೆಸರು ಮತ್ತು ಮರಳು ಬೆರೆತ ಪದರಗಳು ಸಾಲುಸಾಲಾಗಿವೆ. ಪ್ರತಿ ಪದರದಲ್ಲೂ ಕೆಳಗೆ ದಪ್ಪ ಕಣ, ಮೇಲೆ ನುಣುಪು ಕಣ. ಆಳದ ನೀರಿನೊಳಗೆ ಕೆಸರು ಜಾರಿ ಬಿದ್ದು ನಿಧಾನವಾಗಿ ತಳ ಸೇರಿದರೆ ಹೀಗಾಗುತ್ತದೆ. ಅಂಚಿನ ಗುಂಡುಕಲ್ಲು, ಆಳವಿಲ್ಲದ ನೀರಿನ ಸುಣ್ಣಕಲ್ಲು, ಆಳದ ಕೆಸರು, ತಳದ ಲಾವಾ, ಎಲ್ಲವನ್ನೂ ಜೋಡಿಸಿದರೆ ಕರಾವಳಿ ಮತ್ತು ಅದರ ಮುಂದಿನ ಕಡಲು ಕಣ್ಣಿಗೆ ಕಟ್ಟುತ್ತದೆ.

ಈ ತೀರ್ಮಾನ ಸುಲಭಕ್ಕೆ ಬರಲಿಲ್ಲ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬಂಡೆಗಳಿಗೆ ಧಾರವಾಡ ಶಿಲೆಗಳು ಎಂದು ಹೆಸರಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಶುರುವಾಯಿತು. ಅದರ ಮುಖ್ಯಸ್ಥರಾಗಿದ್ದ ಸ್ಮೀತ್ ಅವರ ಕಾಲದಲ್ಲಿ, ಇವೆಲ್ಲ ಬೆಂಕಿಯಿಂದ ಹುಟ್ಟಿದ ಬಂಡೆಗಳೇ, ಗುಂಡುಕಲ್ಲುಗಳೂ ಬಂಡೆ ನುಜ್ಜಾಗಿ ಉಂಟಾದವು ಎಂಬ ವಾದ ಬಲವಾಗಿತ್ತು. ಬಿ. ರಾಮರಾವ್ ಮುಂತಾದವರು ಅಲೆಯ ಗುರುತು, ಹರಿವಿನ ಗುರುತು ಹಿಡಿದು ತೋರಿಸಿದ ಮೇಲೆ ನೀರಿನ ಕಥೆ ಗಟ್ಟಿಯಾಯಿತು. ನಮ್ಮದೇ ನೆಲದ ಬಗ್ಗೆ ನಮ್ಮವರೇ ಹೊಲ ಗುಡ್ಡ ಸುತ್ತಿ ಕಂಡುಕೊಂಡ ಸತ್ಯ ಇದು. ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಕಬ್ಬಿಣವೂ ಆ ಕಡಲಿನದ್ದೇ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವಷ್ಟು ಕಡಿಮೆ. ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಕರಗಿಯೇ ಇರುತ್ತದೆ. ಅದು ಆಮ್ಲಜನಕ ಸೇರಿ ಗಟ್ಟಿಯಾಗಿ ತಳಕ್ಕೆ ಬಿದ್ದಂತೆಲ್ಲ, ಸಿಲಿಕಾ ಪದರದ ಜೊತೆ ಪಟ್ಟೆ ಪಟ್ಟೆಯಾಗಿ ಕೂತಿತು. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅದಿರಿನ ಮೂಲ ಇದೇ. ಇಂಗಳದಾಳಿನ ತಾಮ್ರವೂ ಕಡಲ ತಳದ ಬಿಸಿನೀರಿನ ಬುಗ್ಗೆಗಳಿಂದ ಲಾವಾದ ನಡುವೆ ಕೂತದ್ದು ಎಂದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ.

ಈಗ ಆ ಕಡಲು ಮುಚ್ಚಿಕೊಂಡ ಭಾಗಕ್ಕೆ ಬರೋಣ.

ಪಡುವಣದಲ್ಲಿ ಒಂದು ಹಳೆಯ ನೆಲ. ಹಾಸನದ ಸುತ್ತಿನ ನೈಸ್ ಕಲ್ಲುಗಳು 300 ಕೋಟಿ ವರ್ಷಕ್ಕಿಂತ ಹಳೆಯವು. ಮೂಡಣದಲ್ಲಿ ಇನ್ನೊಂದು ನೆಲ. ಅಲ್ಲಿನ ಹೆಚ್ಚಿನ ಬಂಡೆಗಳು 270ರಿಂದ 250 ಕೋಟಿ ವರ್ಷದವು. ಇವೆರಡರ ನಡುವೆ ಆ ಕಡಲಿನ ಬಂಡೆಗಳ ಸಾಲು, ಅಂದರೆ ಚಿತ್ರದುರ್ಗದ ಪಟ್ಟಿ. ಗದಗದಿಂದ ಮಂಡ್ಯದ ಕಡೆವರೆಗೆ 400 ಕಿಲೋಮೀಟರಿಗಿಂತ ಉದ್ದ. ಅದರ ಮೂಡಣ ಅಂಚಿನಲ್ಲಿ ಶಿಯರ್ ಜೋನ್ ಸಾಗುತ್ತದೆ. ಅದು ಒಂದು ಗೆರೆಯಲ್ಲ, ಕೆಲವು ಕಿಲೋಮೀಟರ್ ಅಗಲದ ಪಟ್ಟೆ.

ಫಾಲ್ಟ್ ಮತ್ತು ಶಿಯರ್ ಜೋನ್ ನಡುವಿನ ವ್ಯತ್ಯಾಸ ಹೇಳುತ್ತೇನೆ ಎಂದಿದ್ದೆ. ಬೆಲ್ಲದ ಅಚ್ಚು ತಣ್ಣಗಿರುವಾಗ ಹೊಡೆದರೆ ಸಿಡಿದು ಒಡೆಯುತ್ತದೆ. ಅದೇ ಬೆಲ್ಲ ಬೆಚ್ಚಗೆ ಪಾಕವಾಗಿರುವಾಗ ಎಳೆದರೆ ಎಳೆಯಾಗಿ ಬರುತ್ತದೆ. ಬಂಡೆಯೂ ಹಾಗೇ. ಭೂಮಿಯ ಮೇಲ್ಪದರದಲ್ಲಿ ತಣ್ಣಗಿರುವ ಬಂಡೆ ಒಡೆದು ಸರಿದರೆ ಅದು ಫಾಲ್ಟ್. ಹತ್ತು ಹದಿನೈದು ಕಿಲೋಮೀಟರ್ ಆಳದಲ್ಲಿ ಬಿಸಿ ಜಾಸ್ತಿ. ಸುಮಾರು 300 ಡಿಗ್ರಿ ದಾಟಿದರೆ ಬೆಣಚಿನ ಕಣಗಳು ಒಡೆಯದೆ ಉದ್ದಕ್ಕೆ ಎಳೆದುಕೊಳ್ಳಲು ಶುರುಮಾಡುತ್ತವೆ. ಅಲ್ಲಿ ಬಂಡೆ ಬಿರುಕು ಬಿಡದೆ ಹರಿಯುತ್ತದೆ, ಬಹಳ ನಿಧಾನವಾಗಿ, ಲಕ್ಷಾಂತರ ವರ್ಷ. ಅದು ಶಿಯರ್ ಜೋನ್. ಇವತ್ತು ನಾವು ಚಪ್ಪಲಿ ಹಾಕಿಕೊಂಡು ಓಡಾಡುವ ಕಲ್ಲು ಆಗ ಅಷ್ಟು ಆಳದಲ್ಲಿತ್ತು. ಮೇಲಿದ್ದ ಕಿಲೋಮೀಟರುಗಟ್ಟಲೆ ಬಂಡೆಯನ್ನು ಮಳೆ, ಗಾಳಿ, ಹೊಳೆಗಳು ಸವೆಸಿ ಒಯ್ದಿವೆ.

ಹಾಗೆ ಹರಿದ ಬಂಡೆಗೆ ಮೈಲೊನೈಟ್ ಎನ್ನುತ್ತಾರೆ. ಕಣಗಳು ಅರೆದಂತೆ ನುಣ್ಣಗಾಗಿ, ತೆಳು ಗೆರೆಗಳಾಗಿ ಎಳೆದುಕೊಂಡಿರುತ್ತವೆ. ನಡುವೆ ಅಲ್ಲಲ್ಲಿ ಗಟ್ಟಿ ಫೆಲ್ಡ್‌ಸ್ಪಾರ್ ಹರಳು ಕಣ್ಣಿನ ಆಕಾರದಲ್ಲಿ ಉಳಿದಿರುತ್ತದೆ, ಎರಡು ತುದಿಗೂ ಬಾಲ. ಬಾಲಗಳು ಯಾವ ಕಡೆ ಬಾಗಿವೆ ಎಂದು ನೋಡಿದರೆ ನೆಲ ಯಾವ ಕಡೆ ಸರಿಯಿತು ಎಂದು ಗೊತ್ತಾಗುತ್ತದೆ. ನಮ್ಮ ಶಿಯರ್ ಜೋನಿನಲ್ಲಿ ಮುಖ್ಯವಾಗಿ ಎಡಕ್ಕೆ. ಗಡಿಯ ಈಚೆ ನಿಂತು ಆಚೆ ನೋಡಿದರೆ ಆಚೆಯ ನೆಲ ನಿಮ್ಮ ಎಡಕ್ಕೆ ಸರಿದಿದೆ. ತಾಳ್ಯದ ಗುಂಡುಕಲ್ಲುಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಎಷ್ಟೋ ಈಗ ಗುಂಡಗಿಲ್ಲ. ಒತ್ತಡಕ್ಕೆ ಚಪ್ಪಟೆಯಾಗಿ ಉದ್ದಕ್ಕೆ ಎಳೆದುಕೊಂಡಿವೆ. ಮೊದಲು ಹೊಳೆ ಗುಂಡಗೆ ಮಾಡಿತು, ಆಮೇಲೆ ಭೂಮಿ ಹಿಂಡಿತು. ಒಂದೇ ಕಲ್ಲಿನಲ್ಲಿ ಎರಡೂ ಕಾಣುತ್ತವೆ.

ಇಷ್ಟು ಹಳೆಯ ಕಾಲದಲ್ಲಿ ಈಗಿನಂತೆಯೇ ಭೂಫಲಕಗಳು ಚಲಿಸುತ್ತಿದ್ದವೇ ಎನ್ನುವುದರ ಬಗ್ಗೆ ಭೂವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಭಾರವಾದ ಲಾವಾ ಪದರಗಳು ತಮ್ಮ ತೂಕಕ್ಕೇ ಕೆಳಗೆ ಕುಸಿದವು ಎನ್ನುವವರಿದ್ದಾರೆ. ನಡುವೆ ಮೂರನೆಯ ತುಂಡು ಒಂದಿತ್ತು ಎನ್ನುವವರೂ ಇದ್ದಾರೆ. ಗಡಿಯ ಎರಡು ಕಡೆ ವಯಸ್ಸು, ದಪ್ಪ, ಬಂಡೆಯ ಬಗೆ ಇಷ್ಟು ಬೇರೆ ಇರುವುದನ್ನು ನೋಡಿದರೆ, ಎರಡು ನೆಲಗಳು ಬಂದು ಸೇರಿದವು ಎನ್ನುವುದೇ ನನಗೆ ಸರಿ ಕಾಣುತ್ತದೆ.

ದಪ್ಪ ಬೇರೆ ಅಂದೆನಲ್ಲ, ಅದನ್ನು ಕಂಡುಕೊಂಡ ಬಗೆ ಕೇಳುವಂಥದ್ದು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಬಂಗಾಳ ಕೊಲ್ಲಿಯ ದಡದ ಕಾವಲಿಯಿಂದ ಅರಬ್ಬೀ ಕಡಲಿನ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಒಂದು ಪರೀಕ್ಷೆ ಮಾಡಿದರು. ನೆಲದಲ್ಲಿ ತೂತು ಕೊರೆದು ಸಿಡಿಮದ್ದು ಸಿಡಿಸುವುದು, ಅದರ ಕಂಪನ ಆಳಕ್ಕೆ ಹೋಗಿ ತಿರುಗಿ ಬರುವುದನ್ನು ಸಾಲಾಗಿ ಇಟ್ಟ ಉಪಕರಣಗಳಲ್ಲಿ ಹಿಡಿಯುವುದು. ಕಡಲಿಂದ ಕಡಲಿಗೆ ನಮ್ಮ ನೆಲದ ಒಳಗನ್ನು ನೋಡಿದ ಕೆಲಸ ಅದು. ಚಿತ್ರದುರ್ಗ ಪಟ್ಟಿಯ ಮೂಡಣ ಅಂಚಿನಲ್ಲಿ ಆಳಕ್ಕೆ ಇಳಿಯುವ ಬಿರುಕು ಅದರಲ್ಲಿ ಕಂಡಿತು. ಆಮೇಲಿನ ಭೂಕಂಪನ ಅಧ್ಯಯನಗಳು ಇದನ್ನು ಇನ್ನೂ ಸ್ಪಷ್ಟ ಮಾಡಿವೆ. ಗಡಿಯ ಮೂಡಣಕ್ಕೆ ಭೂಮಿಯ ಹೊರಚಿಪ್ಪು ಸುಮಾರು 35 ಕಿಲೋಮೀಟರ್ ದಪ್ಪ. ಪಡುವಣಕ್ಕೆ 40ರಿಂದ 50. ಅಷ್ಟು ಹಳೆಯ ಗಡಿ ಇವತ್ತಿಗೂ ಆಳದಲ್ಲಿ ಹಾಗೇ ಉಳಿದಿದೆ.

ಈ ಪಟ್ಟಿಯಲ್ಲಿ ಚಿನ್ನವೂ ಇದೆ. ಅದು ಎಲ್ಲಿಂದ ಬಂತು? ನೆಲಗಳು ಉಜ್ಜಾಡುವಾಗ ಆಳದಿಂದ ಬಿಸಿನೀರು ಮೇಲೇರಲು ಈ ಶಿಯರ್ ಜೋನೇ ದಾರಿಯಾಯಿತು. ಅದರಲ್ಲಿ ಗಂಧಕ, ಇಂಗಾಲದ ಡೈಆಕ್ಸೈಡ್, ಜೊತೆಗೆ ಅತಿ ಕಡಿಮೆ ಪ್ರಮಾಣದ ಚಿನ್ನ. ಚಿನ್ನವನ್ನು ಕರಗಿಸಿ ಇಟ್ಟುಕೊಂಡಿದ್ದು ಗಂಧಕ. ಆ ನೀರು ಕಬ್ಬಿಣ ಜಾಸ್ತಿ ಇರುವ ಬಂಡೆಗೆ ತಾಗಿದರೆ ಗಂಧಕ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಗುತ್ತದೆ. ಆಸರೆ ಕಳೆದುಕೊಂಡ ಚಿನ್ನ ಅಲ್ಲೇ ಕೂರುತ್ತದೆ. ಶಿರಾ ಕಡೆಯ ಅಜ್ಜನಹಳ್ಳಿಯಲ್ಲಿ ಚಿನ್ನ ಸಿಕ್ಕಿದ್ದು ಹೀಗೆ, ಪಟ್ಟೆ ಕಬ್ಬಿಣದ ಬಂಡೆಯಲ್ಲಿ. ಕಡಲು ಮೊದಲು ಕಬ್ಬಿಣ ಹಾಸಿತ್ತು, ಬಿರುಕು ಆಮೇಲೆ ಚಿನ್ನ ತಂದಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಗಣಿ ಇರುತ್ತಿರಲಿಲ್ಲ. ಚಿತ್ರದುರ್ಗದ ಪಕ್ಕದ ಗುಡ್ಡದರಂಗವ್ವನಹಳ್ಳಿ, ಉತ್ತರದಲ್ಲಿ ಗದಗದ ಕಪ್ಪತಗುಡ್ಡ, ಇವೂ ಇದೇ ಪಟ್ಟಿಯ ಚಿನ್ನದ ಜಾಗಗಳು.

ಕೋಟೆಯ ಕಲ್ಲು ಮಾತ್ರ ಕಡಲಿನದ್ದಲ್ಲ. ಏಳು ಸುತ್ತಿನ ಕೋಟೆ ನಿಂತಿರುವುದು ಗ್ರಾನೈಟ್ ಮೇಲೆ. ಕಡಲಿನ ಪದರಗಳು ಮಡಿಚಿಕೊಳ್ಳುತ್ತಿದ್ದ ಕಾಲದಲ್ಲಿ, ಸುಮಾರು 260 ಕೋಟಿ ವರ್ಷದ ಹಿಂದೆ, ಕರಗಿದ ಬಂಡೆ ಅವುಗಳ ನಡುವೆ ನುಗ್ಗಿ ಪಟ್ಟಿಯ ಉದ್ದಕ್ಕೇ ಚಾಚಿಕೊಂಡು ತಣ್ಣಗಾಯಿತು. ಸುತ್ತಲಿನ ಶಿಸ್ಟ್ ಬೇಗ ಸವೆದು, ಗಟ್ಟಿ ಗ್ರಾನೈಟ್ ಉಳಿಯಿತು. ಅದರ ಸೀಳುಗಳಲ್ಲಿ ನೀರಿಳಿದು, ಮೂಲೆಗಳು ಉದುರಿ, ಆ ದೊಡ್ಡ ದೊಡ್ಡ ಗುಂಡುಗಳಾದವು. ಓಬವ್ವನ ಕಿಂಡಿಗೆ ಹೋದಾಗ ಬಂಡೆಗಳ ಸಂದಿಗಳನ್ನು ಗಮನಿಸಿ ನೋಡಿ.

ಮಾರಿಕಣಿವೆಗೆ ಬರುತ್ತೇನೆ. ಎದ್ದು ನಿಂತ ಗಟ್ಟಿ ಪದರಗಳು ಉತ್ತರ ದಕ್ಷಿಣಕ್ಕೆ ಗುಡ್ಡದ ಸಾಲಾಗಿವೆ. ಪಡುವಣದಿಂದ ಬರುವ ವೇದಾವತಿ ಆ ಸಾಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗುತ್ತದೆ. ಹಿಂದೆ ಅಗಲ ಬಯಲು, ಮುಂದೆ ಕಿರಿದಾದ ಬಾಯಿ, ಎರಡು ಬದಿಗೂ ಬಂಡೆ. ಅಣೆಕಟ್ಟೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಸುಮಾರು 400 ಮೀಟರ್ ಉದ್ದದ ಕಟ್ಟೆ 30 ಟಿಎಂಸಿ ನೀರು ಹಿಡಿಯುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. ಕೋಡಿ ನೋಡಲು ಜನ ಜಾತ್ರೆಗೆ ಹೋದಂತೆ ಹೋದರು. ಹೋದವರು ಗುಡ್ಡದ ಮೈಯಲ್ಲಿ ನೆಟ್ಟಗೆ ನಿಂತ ಪದರಗಳನ್ನೂ ನೋಡಿದ್ದರೆ ನನಗೆ ತುಂಬಾ ಸಂತೋಷವಾಗುತ್ತಿತ್ತು.

ಈಗಿನ ನಮ್ಮ ಕರಾವಳಿ ಇದಕ್ಕೆಲ್ಲ ಹೋಲಿಸಿದರೆ ಬಹಳ ಹೊಸದು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಲಾವಾ. ಗಡಿಯ ಪಡುವಣ ಬದಿಯ ನಮ್ಮ ಹಳೆಯ ನೆಲದ ಒಂದು ತುಂಡು ಇವತ್ತಿಗೂ ಮಡಗಾಸ್ಕರಿನ ಮೂಡಣ ಕರಾವಳಿಯಲ್ಲಿದೆ. ವಯಸ್ಸು, ಬಂಡೆ ಎರಡೂ ಹೊಂದುತ್ತವೆ.

ಉಪನ್ಯಾಸ ಮುಗಿದ ಮೇಲೆ ಹಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಾಯಿ ಕೇಳಿದರು: ಇಷ್ಟು ದೊಡ್ಡ ಬಿರುಕಿನ ಪಕ್ಕದಲ್ಲಿ ಇದ್ದೀವಲ್ಲ, ಭೂಕಂಪ ಆಗಲ್ವಾ? ಅಮ್ಮಾ, ಈ ಬಿರುಕು ಕೆಲಸ ನಿಲ್ಲಿಸಿ 250 ಕೋಟಿ ವರ್ಷದ ಹತ್ತಿರ ಆಯಿತು. ಬಂಡೆಗಳು ಬೆಸೆದುಕೊಂಡಿವೆ. 2002ರ ಭೂಕಂಪ ನಕ್ಷೆಯಲ್ಲಿ ನಮ್ಮ ಭಾಗ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿತ್ತು. ಹಾಗಂತ ದಕ್ಷಿಣ ಭಾರತದಲ್ಲಿ ಭೂಕಂಪವೇ ಇಲ್ಲ ಎಂದುಕೊಳ್ಳಬಾರದು. 1967ರಲ್ಲಿ ಕೊಯ್ನಾ, 1993ರಲ್ಲಿ ಲಾತೂರಿನ ಕಿಲ್ಲಾರಿ ನಮ್ಮ ಕಣ್ಣ ಮುಂದಿವೆ. 1843ರಲ್ಲಿ ಬಳ್ಳಾರಿ ಕಡೆಯೂ ನೆಲ ನಡುಗಿತ್ತು. ಮನೆಗೆ ಸರಿಯಾದ ಪಾಯ, ಪಿಲ್ಲರಿಗೆ ಸರಿಯಾದ ಕಬ್ಬಿಣ ಹಾಕಿಸಿ. ಹೆದರಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ.

ಜಗಳೂರು ಕಡೆಯ ಒಬ್ಬ ರೈತರು ಕೇಳಿದ್ದು ಬೋರ್‌ವೆಲ್ ಬಗ್ಗೆ. ಬಿರುಕಿನ ಮೇಲೇ ಕೊರೆಸಿದರೆ ನೀರು ಗ್ಯಾರಂಟಿ ಅಲ್ವಾ ಸಾರ್? ಅಣ್ಣಾ, ಅದು ಅಷ್ಟು ಸರಳ ಅಲ್ಲ. ಆಳದಲ್ಲಿ ಹರಿದು ಬೆಸೆದ ಬಂಡೆಯಲ್ಲಿ ನೀರಿಗೆ ಜಾಗವೇ ಇರುವುದಿಲ್ಲ. ಶಿಸ್ಟ್ ಕೊಳೆತರೆ ಜೇಡಿಯಾಗುತ್ತದೆ, ಜೇಡಿ ನೀರು ಬಿಟ್ಟುಕೊಡುವುದಿಲ್ಲ. ನೀರಿರುವುದು ಎಷ್ಟೋ ಕಾಲದ ಮೇಲೆ, ಬಂಡೆ ತಣ್ಣಗಾದ ಮೇಲೆ ಬಿದ್ದ ಸೀಳುಗಳಲ್ಲಿ, ಮತ್ತು ಮೇಲಿನ ಕೊಳೆತ ಪದರದಲ್ಲಿ. ಕಪ್ಪುಕಲ್ಲಿನ ಡೈಕ್, ಅಂದರೆ ಸೀಳಿನಲ್ಲಿ ನುಗ್ಗಿ ಗೋಡೆಯಂತೆ ಗಟ್ಟಿಯಾದ ಬಂಡೆ, ಅಡ್ಡ ಬಂದಿದ್ದರೆ ಅದರ ಮೇಲ್ಬದಿಯಲ್ಲಿ ನೀರು ನಿಲ್ಲುವ ಸಾಧ್ಯತೆ ಜಾಸ್ತಿ. ಹಾಗಾಗಿ ನಕ್ಷೆ ನೋಡಿ, ಉಪಕರಣ ಇಟ್ಟು ಪರೀಕ್ಷೆ ಮಾಡಿಸಿ, ಆಮೇಲೆ ಕೊರೆಸಿ. ಎಷ್ಟು ಆಳಕ್ಕೆ ಹೋದರೂ ಮಳೆ ನೀರು ಇಳಿಯದಿದ್ದರೆ ಸೀಳು ಖಾಲಿಯೇ. ಆಳದ ನೀರು ಸಿಕ್ಕರೆ ಫ್ಲೋರೈಡ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ನಮ್ಮ ಗ್ರಾನೈಟ್, ನೈಸ್ ಕಲ್ಲುಗಳಿಂದ ಅದು ನೀರಿಗೆ ಇಳಿಯುತ್ತದೆ, ಮಕ್ಕಳ ಹಲ್ಲು ಮೂಳೆ ಎರಡಕ್ಕೂ ಕೆಟ್ಟದ್ದು.

ವಿದ್ಯಾರ್ಥಿಗಳಲ್ಲಿ ಕೆಲವರು ಮರಡಿಹಳ್ಳಿಗೆ ಹೋಗುವುದಾಗಿ ಹೇಳಿದರು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ದಿಂಬಿನ ಅಂಚು ಸರಿಯಾಗಿ ಕಾಣುವುದಿಲ್ಲ. ಒಂದು ಬಾಟಲಿ ನೀರು ಬಂಡೆಗೆ ಚಿಮುಕಿಸಿದರೆ ಅಂಚಿನ ಕಪ್ಪು ಪಟ್ಟಿ ಚೆನ್ನಾಗಿ ಎದ್ದು ಕಾಣುತ್ತದೆ. ಹೆಸರು ಕೆತ್ತಬೇಡಿ, ಬಣ್ಣ ಬಳಿಯಬೇಡಿ. ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಳತೆಗೆ ಒಂದು ಪೆನ್ನು ಇಟ್ಟು ಫೋಟೋ ತೆಗೆಯಿರಿ, ಬಾಲ ಯಾವ ಕಡೆ ಇದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳಿ.